ನಿಜವಾದ ದಾಲ್ಚಿನ್ನಿಯ ತೊಗಟೆಯನ್ನು ಗುರುತಿಸುವ ಕ್ರಮ

ಮಲೆನಾಡಿನ ಜಮೀನುದಾರರಿಗೂ ಗ್ರಾಮ ಪ್ರಮುಖರಿಗೂ ಮಾಡಿದ ಉಪನ್ಯಾಸ



ಅಡಕೆಯ ತೋಟದ ಅಂಚಿನಲ್ಲಿಯೂ, ಕಾಫಿಯ ತೋಟದ ಬದಿಯಲ್ಲಿಯೂ, ಮನೆಯ ಹಿತ್ತಿಲಿನಲ್ಲಿಯೂ ದಾಲ್ಚಿನ್ನಿಯ ಗಿಡಗಳನ್ನು ಬೆಳೆಸಿಕೊಂಡಿರುವ ಕುಟುಂಬಗಳು ಮಲೆನಾಡು, ಕೊಡಗು ಮತ್ತು ಕರಾವಳಿಯ ಸೀಮೆಗಳಲ್ಲಿ ಉಂಟು. ಆದರೆ ಈ ಗಿಡದಿಂದ ತಕ್ಕ ಆದಾಯವನ್ನು ಪಡೆಯುತ್ತಿರುವವರು ವಿರಳ. ಬೆಳೆಗಾರನು ತೊಗಟೆಯನ್ನು ಸುಲಿದು ಪೇಟೆಗೆ ಒಯ್ದರೆ, ಮಂಡಿಯವನು ಅದನ್ನು ಮುರಿದು ನೋಡಿ, "ಇದು ಕಾಡು ಚಕ್ಕೆ" ಎಂದು ಹೇಳಿ ಕೀಳು ದರವನ್ನು ಕಟ್ಟುವನು. ಅದು ಕಾಡು ಚಕ್ಕೆಯಲ್ಲವೆಂದು ತೋರಿಸಿಕೊಡುವ ಬಗೆಯು ಬೆಳೆಗಾರನಿಗೆ ತಿಳಿಯದಿದ್ದರೆ, ಹೇಳಿದ ದರಕ್ಕೆ ಒಪ್ಪಿ ಬರುವುದಲ್ಲದೆ ಬೇರೆ ದಾರಿಯಿಲ್ಲ. ಮತ್ತೊಬ್ಬನು ಯಾರೋ ತಂದುಕೊಟ್ಟ ಸಸಿಗಳನ್ನು ನಂಬಿ ನೆಟ್ಟು, ನಾಲ್ಕು ವರ್ಷ ಕಾದು, ಕೊಯ್ಲಿನ ಕಾಲಕ್ಕೆ ಅವು ಬೇರೆ ಜಾತಿಯವೆಂದು ತಿಳಿದು ಮರುಗುವನು. ಈ ಎರಡು ಬಗೆಯ ನಷ್ಟಕ್ಕೂ ಕಾರಣ ಒಂದೇ: ನಿಜವಾದ ದಾಲ್ಚಿನ್ನಿಯ ಲಕ್ಷಣಗಳನ್ನು ತಿಳಿಯದಿರುವುದು. ಆ ಲಕ್ಷಣಗಳು ಯಾವುವು, ಅವುಗಳನ್ನು ಯಾವ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು ಎಂಬುದೇ ಈ ಉಪನ್ಯಾಸದ ವಿಷಯ.

1. ಹೆಸರಿನಿಂದ ಉಂಟಾಗುವ ತೊಡಕು

ದಾಲ್ಚಿನ್ನಿ ಎಂಬ ಮಾತು ಪಾರಸಿ ಭಾಷೆಯಿಂದ ಬಂದುದು. ಚೀನಾದೇಶದ ಮರ ಎಂಬುದು ಅದರ ಅರ್ಥ. ಎಂದರೆ ಈ ಹೆಸರು ಮೂಲದಲ್ಲಿ ಚೀನಾದ ತೊಗಟೆಗೆ ಸಲ್ಲತಕ್ಕುದೇ ಹೊರತು ಸಿಂಹಳದ ತೊಗಟೆಗಲ್ಲ. ಇಂದು ಅಂಗಡಿಗಳಲ್ಲಿ ಚಕ್ಕೆ, ಪಟ್ಟೆ, ದಾಲ್ಚಿನ್ನಿ ಎಂಬ ಹೆಸರುಗಳಿಂದ ದೊರೆಯುವ ಸರಕಿನಲ್ಲಿ ಬೇರೆ ಬೇರೆ ಮರಗಳ ತೊಗಟೆಗಳು ಸೇರಿರುತ್ತವೆ. ಆದುದರಿಂದ ಹೆಸರನ್ನು ಕೇಳಿ ಸರಕನ್ನು ನಂಬತಕ್ಕದ್ದಲ್ಲ.

ಸಸ್ಯಶಾಸ್ತ್ರಜ್ಞರು ನಿಜವಾದ ದಾಲ್ಚಿನ್ನಿಯ ಮರವನ್ನು ಸಿನ್ನಮೋಮಮ್ ವೀರಮ್ ಎಂದು ಕರೆಯುವರು. ಸಿನ್ನಮೋಮಮ್ ಜೈಲಾನಿಕಮ್ ಎಂಬುದು ಇದೇ ಮರದ ಇನ್ನೊಂದು ಹೆಸರು. ಇದರ ಮುಖ್ಯವಾದ ನೆಲೆ ಸಿಂಹಳದ್ವೀಪ, ಎಂದರೆ ಶ್ರೀಲಂಕಾ. ಅಲ್ಲಿ ಬಹುಕಾಲ ಕಾಡಿನ ಮರಗಳಿಂದಲೇ ತೊಗಟೆಯನ್ನು ಸುಲಿಯುತ್ತಿದ್ದರು. ಪೋರ್ಚುಗೀಜರೂ ಅವರ ಬಳಿಕ ಡಚ್ಚರೂ ಈ ವ್ಯಾಪಾರಕ್ಕಾಗಿಯೇ ದ್ವೀಪದ ಕರಾವಳಿಯನ್ನು ವಶಪಡಿಸಿಕೊಂಡಿದ್ದರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಡಚ್ಚರು ಕೊಲಂಬೊ ಸಮೀಪದಲ್ಲಿ ಅದನ್ನು ತೋಟದ ಬೆಳೆಯಾಗಿ ಬೆಳೆಸಲು ತೊಡಗಿದರು. ಉತ್ತರ ಮಲಬಾರಿನ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇದರ ದೊಡ್ಡ ತೋಟವೊಂದು ಸ್ಥಾಪಿತವಾಯಿತು. ಸಿಂಹಳದ ದಾಲ್ಚಿನ್ನಿಗೆ 2022ರಲ್ಲಿ ಯೂರೋಪಿನ ಒಕ್ಕೂಟವು ಭೌಗೋಳಿಕ ಗುರುತಿನ ರಕ್ಷಣೆಯನ್ನು ಕೊಟ್ಟಿತು.

ಇದರೊಡನೆ ಗೊಂದಲವನ್ನುಂಟುಮಾಡುವ ತೊಗಟೆಗಳಿಗೆ ಒಟ್ಟಾಗಿ ಕ್ಯಾಸಿಯಾ ಎಂದು ಹೆಸರು. ಉತ್ತರ ದೇಶದ ವ್ಯಾಪಾರಿಗಳು ಇದನ್ನು ತಜ್ ಎನ್ನುವರು. ಚೀನಾದ ಕ್ಯಾಸಿಯಾ, ವಿಯೆಟ್ನಾಮಿನ ಸೈಗಾನ್ ತೊಗಟೆ, ಇಂಡೋನೇಷ್ಯಾದ ಸುಮಾತ್ರಾ ಕಡೆಯ ತೊಗಟೆ ಇವು ಮುಖ್ಯವಾದವು. ಭಾರತದ ಪೇಟೆಗಳಲ್ಲಿ ಮಾರಾಟವಾಗುವ ಚಕ್ಕೆಯ ಬಹುಭಾಗ ಈ ವರ್ಗದ್ದೇ. ಇವುಗಳ ಜೊತೆಗೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ತಾನಾಗಿಯೇ ಬೆಳೆಯುವ ಕಾಡು ದಾಲ್ಚಿನ್ನಿಯ ಜಾತಿಗಳೂ ಇವೆ. 2011ರ ಭಾರತದ ಆಹಾರ ನಿಯಮಗಳಲ್ಲಿ ದಾಲ್ಚಿನ್ನಿಯನ್ನೂ ಕ್ಯಾಸಿಯಾವನ್ನೂ ಎರಡು ಪ್ರತ್ಯೇಕ ಪದಾರ್ಥಗಳಾಗಿ ವಿವರಿಸಲಾಗಿದೆ. ಆದುದರಿಂದ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಕೇವಲ ಮಾತಿನ ತಪ್ಪಲ್ಲ.

2. ಗಿಡದಲ್ಲಿಯೇ ಗುರುತಿಸುವುದು

ಸಸಿಯನ್ನು ಕೊಳ್ಳುವಾಗ ತೊಗಟೆಯನ್ನು ನೋಡುವ ಅವಕಾಶವಿರುವುದಿಲ್ಲ, ಎಲೆಯನ್ನೇ ನೋಡಬೇಕು. ದಾಲ್ಚಿನ್ನಿಯ ಎಲೆಗಳು ಸಾಮಾನ್ಯವಾಗಿ ಎದುರುಬದುರಾಗಿ ಹುಟ್ಟುತ್ತವೆ. ಚಿಗುರು ಕೆಂಪಾಗಿದ್ದು, ಬಲಿತ ಮೇಲೆ ಎಲೆಯು ದಪ್ಪವಾಗಿ, ನಯವಾಗಿ, ಹಸಿರಾಗುವುದು. ಎಲೆಯ ಬುಡದಿಂದ ಮೂರು, ಕೆಲವು ವೇಳೆ ಐದು, ದಪ್ಪ ನರಗಳು ತುದಿಯ ಕಡೆಗೆ ಹರಿಯುತ್ತವೆ. ಆದರೆ ಮೂರು ನರಗಳ ಗುರುತೊಂದನ್ನೇ ನಂಬಿ ಮೋಸಹೋಗಬಾರದು; ಕ್ಯಾಸಿಯಾದ ಎಲೆಗೂ, ಕಾಡು ಜಾತಿಗಳ ಎಲೆಗೂ, ತಮಾಲಪತ್ರಕ್ಕೂ ಇಂತಹ ನರಗಳೇ ಇವೆ.

ಇಲ್ಲಿ ಮೂಗು ಕಣ್ಣಿಗಿಂತ ಹೆಚ್ಚು ಸಹಾಯ ಮಾಡುವುದು. ಬಲಿತ ಎಲೆಯೊಂದನ್ನು ಅಂಗೈಯಲ್ಲಿ ಹೊಸಕಿ ಮೂಸಿ ನೋಡಬೇಕು. ನಿಜವಾದ ದಾಲ್ಚಿನ್ನಿಯ ಎಲೆಯು ಸಾಮಾನ್ಯವಾಗಿ ಲವಂಗದ ವಾಸನೆಯನ್ನು ಕೊಡುತ್ತದೆ. ಲವಂಗದಲ್ಲಿರುವ ಯೂಜಿನಾಲ್ ಎಂಬ ದ್ರವ್ಯವೇ ಈ ಎಲೆಯ ಎಣ್ಣೆಯಲ್ಲಿಯೂ ಪ್ರಧಾನವಾಗಿರುವುದು ಇದಕ್ಕೆ ಕಾರಣ. ಚೀನಾದ ಕ್ಯಾಸಿಯಾದ ಎಲೆಯಲ್ಲಿ ಲವಂಗದ ವಾಸನೆಯಿಲ್ಲ. ಅದರ ತೊಗಟೆಯ ವಾಸನೆಯೇ ಎಲೆಗೂ ಇರುತ್ತದೆ. ಕಾಡು ದಾಲ್ಚಿನ್ನಿಯ ಎಲೆಯ ವಾಸನೆಯಾದರೋ ಮರದಿಂದ ಮರಕ್ಕೆ ಬದಲಾಗುತ್ತದೆ. ಒಂದೇ ಕಂತೆಯಲ್ಲಿ ತಂದ ಸಸಿಗಳ ಎಲೆಗಳಲ್ಲಿ ನಾಲ್ಕು ಬಗೆಯ ವಾಸನೆಗಳಿದ್ದರೆ, ಅವು ಕಾಡಿನಿಂದ ಕಿತ್ತು ತಂದವುಗಳೋ ಅಥವಾ ಬೆರಕೆ ಬೀಜದಿಂದ ಎಬ್ಬಿಸಿದವುಗಳೋ ಎಂದು ಸಂಶಯಪಡುವುದು ಯುಕ್ತ.

ಬೀಜದ ಸಸಿಗಳು ಎಲ್ಲವೂ ತಾಯಿಮರವನ್ನು ಹೋಲುವುದಿಲ್ಲ. ಆದುದರಿಂದ ಪರೀಕ್ಷಿತವಾದ ತಾಯಿಮರದ ಕಡ್ಡಿಗಳಿಂದ ಬೇರು ಬರಿಸಿದ ಸಸಿಗಳು ಮೇಲು. ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾಲಯವು ನಿತ್ಯಶ್ರೀ, ನವಶ್ರೀ ಎಂಬ ಎರಡು ತಳಿಗಳನ್ನು ಆರಿಸಿ ಬಿಡುಗಡೆ ಮಾಡಿದೆ. ಈ ಸಂಶೋಧನಾಲಯದ ಶಾಖೆಯೊಂದು ಕೊಡಗಿನ ಅಪ್ಪಂಗಳದಲ್ಲಿರುವುದರಿಂದ ಕನ್ನಡನಾಡಿನ ಬೆಳೆಗಾರರು ವಿಚಾರಣೆಗಾಗಿ ದೂರ ಹೋಗಬೇಕಾಗಿಲ್ಲ.

3. ಕಣ್ಣಿಗೂ ಕೈಗೂ ತೋರುವ ಲಕ್ಷಣಗಳು

ಸುಲಿದು ಒಣಗಿಸಿದ ತೊಗಟೆಯನ್ನು ಪರೀಕ್ಷಿಸುವಾಗ ಈ ಕೆಳಗಿನ ಐದು ಅಂಶಗಳನ್ನು ಒಂದಾದ ಮೇಲೊಂದರಂತೆ ನೋಡತಕ್ಕದ್ದು.

ಮೊದಲನೆಯದು ದಪ್ಪ. ನಿಜವಾದ ದಾಲ್ಚಿನ್ನಿಯ ತೊಗಟೆಯು ಕಾಗದದಂತೆ ತೆಳು. ಒಳ್ಳೆಯ ಸರಕಿನ ದಪ್ಪವು ಒಂದು ಮಿಲಿಮೀಟರಿಗೂ ಕಡಿಮೆ. ಹೆಚ್ಚಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಕ್ಯಾಸಿಯಾದ ತೊಗಟೆಯು ಒಂದರಿಂದ ಮೂರು ಮಿಲಿಮೀಟರುಗಳವರೆಗೆ ದಪ್ಪವಿದ್ದು, ಬೆರಳುಗಳ ನಡುವೆ ಒತ್ತಿದರೆ ಮರದ ಚೂರಿನಂತೆ ಗಡುಸಾಗಿರುವುದು.

ಎರಡನೆಯದು ಸುರುಳಿ. ದಾಲ್ಚಿನ್ನಿಯ ಒಂದು ಕೊಳವೆಯನ್ನು ತುದಿಯ ಕಡೆಯಿಂದ ನೋಡಿದರೆ, ಒಂದರೊಳಗೊಂದು ತುರುಕಿದ ಅನೇಕ ತೆಳು ಪದರಗಳು ಕಾಣುವುವು. ನೋಟಕ್ಕೆ ಹೊಗೆಸೊಪ್ಪಿನ ಚುಟ್ಟಾದ ತುದಿಯಂತಿರುವುದು. ಕ್ಯಾಸಿಯಾದಲ್ಲಿ ಒಂದೇ ದಪ್ಪ ಪದರವು ಎರಡು ಅಂಚುಗಳಿಂದ ಒಳಕ್ಕೆ ಮಡಿಸಿಕೊಂಡು ನಡುವೆ ಟೊಳ್ಳು ಉಳಿದಿರುವುದು, ಅಥವಾ ಸುರುಳಿಯೇ ಇಲ್ಲದೆ ದೋಣಿಯಂತಹ ತುಂಡಾಗಿರುವುದು.

ಮೂರನೆಯದು ಮೇಲ್ಮೈ. ದಾಲ್ಚಿನ್ನಿಯ ಹೊರಮೈ ಹಳದಿ ಬೆರೆತ ಮಾಸಲು ಕಂದುಬಣ್ಣದ್ದಾಗಿದ್ದು, ಉದ್ದಕ್ಕೆ ಹೊಳೆಯುವ ಸಣ್ಣ ಅಲೆಗೆರೆಗಳನ್ನು ಹೊಂದಿರುತ್ತದೆ. ಎಲೆ ಅಥವಾ ಕವಲು ಇದ್ದ ಕಡೆ ಕಲೆಗಳೂ ಸಣ್ಣ ರಂಧ್ರಗಳೂ ಇರುವುದುಂಟು. ಒಳಮೈ ಸ್ವಲ್ಪ ಹೆಚ್ಚು ಕಪ್ಪಾಗಿರುತ್ತದೆ. ಕ್ಯಾಸಿಯಾದ ಬಣ್ಣ ಕೆಂಪು ಮಿಶ್ರಿತ ಕಂದು. ಅದರ ಹೊರಮೈಯಲ್ಲಿ ಬೂದುಬಣ್ಣದ ಬೆಂಡಿನ ತೇಪೆಗಳು ಉಳಿದಿರುವುದು ಸಾಮಾನ್ಯ. ಆದರೆ ಇಂಡೋನೇಷ್ಯಾದ ತೊಗಟೆಯನ್ನು ನಯವಾಗಿ ಹೆರೆದು ಕಳುಹಿಸುವುದರಿಂದ, ತೇಪೆಯಿಲ್ಲವೆಂಬ ಮಾತ್ರಕ್ಕೆ ಅದನ್ನು ದಾಲ್ಚಿನ್ನಿಯೆಂದು ಹೇಳಲಾಗದು.

ನಾಲ್ಕನೆಯದು ಮುರಿತ. ದಾಲ್ಚಿನ್ನಿಯ ಕೊಳವೆಯನ್ನು ಎರಡು ಬೆರಳುಗಳಿಂದ ಒತ್ತಿದರೂ ಪುಡಿಯಾಗುವುದು. ಮುರಿದ ಕಡೆ ಸೀಳುಸೀಳಾದ ನಾರಿನ ಎಳೆಗಳು ಹೊರಚಾಚಿಕೊಂಡಿರುವುವು. ಕ್ಯಾಸಿಯಾವನ್ನು ಮುರಿಯಲು ಬಲ ಬೇಕು. ಅದು ಟಕ್ಕೆಂದು ಮುರಿದು, ಮುರಿದ ಅಂಚು ಹೆಚ್ಚುಕಡಮೆ ಸಮನಾಗಿರುವುದು.

ಐದನೆಯದು ವಾಸನೆ ಮತ್ತು ರುಚಿ. ದಾಲ್ಚಿನ್ನಿಯ ವಾಸನೆ ಮೃದು. ಅಗಿದರೆ ಮೊದಲು ಸಿಹಿ, ಆಮೇಲೆ ಹಿತವಾದ ಬಿಸುಪು. ಕ್ಯಾಸಿಯಾ ಹೆಚ್ಚು ಖಾರ. ಅಗಿಯುತ್ತ ಹೋದಂತೆ ಒಗರು ತೋರಿ, ನಾಲಗೆಯ ಮೇಲೆ ಲೋಳೆಯಂತಹ ಅಂಟು ಉಳಿಯುವುದು. ವಾಸನೆ ಜೋರಾಗಿದ್ದರೆ ಸರಕು ಉತ್ತಮವೆಂದು ಅನೇಕರು ಭಾವಿಸಿರುವರು. ಈ ಒಂದು ವಿಷಯದಲ್ಲಿ ಆ ಎಣಿಕೆಯು ತಪ್ಪು ದಾರಿಗೆ ಎಳೆಯುವುದು.

4. ಅಯೋಡಿನ್ ಪರೀಕ್ಷೆ

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಕ್ಯಾಸಿಯಾದಲ್ಲಿ ಪಿಷ್ಟ, ಎಂದರೆ ಗಂಜಿಯ ಅಂಶ, ನಿಜವಾದ ದಾಲ್ಚಿನ್ನಿಗಿಂತ ಹೆಚ್ಚು. ಪಿಷ್ಟವು ಅಯೋಡಿನ್ ಸೇರಿದೊಡನೆ ನೀಲಿಯಾಗುವುದು.

ದಾಲ್ಚಿನ್ನಿಯೆಂದು ಖಚಿತವಾಗಿ ತಿಳಿದ ತೊಗಟೆಯಿಂದ ಒಂದು ಗ್ರಾಮು, ಸಂಶಯಾಸ್ಪದವಾದ ತೊಗಟೆಯಿಂದ ಒಂದು ಗ್ರಾಮು ತೂಗಿ, ಬೇರೆ ಬೇರೆಯಾಗಿ ಕುಟ್ಟಿ, ಒಂದೊಂದನ್ನೂ ಸಮ ಪ್ರಮಾಣದ ನೀರಿನಲ್ಲಿ ಸಮ ಹೊತ್ತು ಕುದಿಸಬೇಕು. ಕಷಾಯಗಳನ್ನು ಸೋಸಿ ಪೂರ್ಣವಾಗಿ ತಣಿಸಬೇಕು; ಬಿಸಿಯಾಗಿರುವಾಗ ನೀಲಿ ಬಣ್ಣವು ನಿಲ್ಲುವುದಿಲ್ಲ. ಅನಂತರ ಔಷಧಿ ಅಂಗಡಿಯಲ್ಲಿ ದೊರೆಯುವ ಅಯೋಡಿನ್ ದ್ರಾವಣವನ್ನು ಎರಡರಲ್ಲಿಯೂ ಸಮಸಮನಾಗಿ ಕೆಲವು ತೊಟ್ಟು ಬಿಡಬೇಕು. ದಾಲ್ಚಿನ್ನಿಯ ಕಷಾಯದ ಬಣ್ಣ ಹೆಚ್ಚು ಬದಲಾಗದು. ಕ್ಯಾಸಿಯಾದ ಕಷಾಯವು ಕಡುನೀಲಿಯಾಗುವುದು. ಪರೀಕ್ಷೆ ಮಾಡಿದ ಕಷಾಯವನ್ನು ಚೆಲ್ಲಿಬಿಡತಕ್ಕದ್ದು, ಕುಡಿಯಬಾರದು.

ಈ ಪರೀಕ್ಷೆಗೂ ಮಿತಿಯುಂಟು. ಪುಡಿಯಲ್ಲಿ ಅಕ್ಕಿಯ ಹಿಟ್ಟನ್ನು ಬೆರೆಸಿದ್ದರೂ ನೀಲಿ ಬರುವುದು. ದಾಲ್ಚಿನ್ನಿಯಲ್ಲಿಯೂ ಪಿಷ್ಟವು ಸ್ವಲ್ಪ ಇದ್ದೇ ಇದೆ. ಆದುದರಿಂದ ಖಚಿತವಾದ ಮಾದರಿಯೊಡನೆ ಹೋಲಿಸಿದಾಗ ಮಾತ್ರ ಇದರ ಸಾಕ್ಷ್ಯಕ್ಕೆ ಬೆಲೆ.

5. ಸೂಕ್ಷ್ಮದರ್ಶಕದ ಸಾಕ್ಷ್ಯ

ಮೇಲಿನ ಲಕ್ಷಣಗಳಲ್ಲಿ ಕೆಲವು ಒಂದು ಕಡೆಗೂ ಕೆಲವು ಇನ್ನೊಂದು ಕಡೆಗೂ ಹೇಳುವ ಸಂದರ್ಭಗಳು ಬರುತ್ತವೆ. ಆಗ ತೀರ್ಪು ಕೊಡತಕ್ಕದ್ದು ಸೂಕ್ಷ್ಮದರ್ಶಕ ಯಂತ್ರ. ಸಮೀಪದ ಕಾಲೇಜಿನ ಸಸ್ಯಶಾಸ್ತ್ರದ ಉಪಾಧ್ಯಾಯರು ಈ ಪರೀಕ್ಷೆಯನ್ನು ಮಾಡಿಕೊಡಬಲ್ಲರು. ಅವರು ಏನನ್ನು ನೋಡುವರೆಂಬುದನ್ನು ಜಮೀನುದಾರರು ಸ್ಥೂಲವಾಗಿಯಾದರೂ ತಿಳಿದಿರುವುದು ಲೇಸು.

ತೊಗಟೆಯನ್ನು ನೀರಿನಲ್ಲಿ ನೆನೆಸಿ, ಹರಿತವಾದ ಅಲಗಿನಿಂದ ಅಡ್ಡಲಾಗಿ ಅತಿ ತೆಳುವಾದ ಸೀಳನ್ನು ತೆಗೆದು ಗಾಜಿನ ಮೇಲಿಡುವರು. ನಿಜವಾದ ದಾಲ್ಚಿನ್ನಿಯ ಬೆಂಡನ್ನೂ ಅದರ ಕೆಳಗಿನ ಹಸಿರು ಪದರವನ್ನೂ ಸುಲಿಯುವಾಗಲೇ ಹೆರೆದು ತೆಗೆದಿರುವುದರಿಂದ, ಹೊರಗಿನ ಅಂಚಿನಲ್ಲಿ ಮೊದಲು ಕಾಣುವುದು ಗಟ್ಟಿ ಗೋಡೆಯ ಕಲ್ಲುಕೋಶಗಳ ಒಂದು ಪಟ್ಟಿ. ಇದು ಮೂರು ನಾಲ್ಕು ಸಾಲು ದಪ್ಪವಾಗಿ ಎಡೆಬಿಡದೆ ಸಾಗುವುದು. ಈ ಕೋಶಗಳಲ್ಲಿ ಅನೇಕವುಗಳ ಒಳಗೋಡೆಯೂ ಪಕ್ಕದ ಗೋಡೆಗಳೂ ದಪ್ಪವಾಗಿದ್ದು ಹೊರಗೋಡೆ ಮಾತ್ರ ತೆಳುವಾಗಿರುವುದರಿಂದ, ಅವು ಕುದುರೆಯ ಲಾಳದಂತೆ ತೋರುವುವು. ಪಟ್ಟಿಯ ಹೊರಬದಿಯಲ್ಲಿ ಅಲ್ಲಲ್ಲಿ ನಾರಿನ ಗುಂಪುಗಳು ಇರುತ್ತವೆ. ಕೊಳವೆಯ ಹೊರಮೈಯಲ್ಲಿ ಬರಿಗಣ್ಣಿಗೆ ಹೊಳೆಯುವ ಅಲೆಗೆರೆಗಳೆಂದು ಮೊದಲು ಹೇಳಿದುದು ಈ ನಾರಿನ ಗುಂಪುಗಳನ್ನೇ.

ಪಟ್ಟಿಯ ಒಳಗಡೆ ಒಳತೊಗಟೆಯ ಭಾಗವಿದೆ. ಅದರಲ್ಲಿ ಎಣ್ಣೆಯ ಕೋಶಗಳು, ಲೋಳೆಯ ಕೋಶಗಳು, ಒಂಟಿಯಾಗಿಯೋ ಚಿಕ್ಕ ಸಾಲುಗಳಾಗಿಯೋ ನಿಂತ ನಾರುಗಳು, ಪಿಷ್ಟದ ಕಣಗಳು ಮತ್ತು ಸೂಜಿಯಂತಹ ಅತಿ ಸಣ್ಣ ಸುಣ್ಣದ ಹರಳುಗಳು ಇರುತ್ತವೆ. ಇವು ಕ್ಯಾಸಿಯಾದಲ್ಲಿಯೂ ಇರುವುದರಿಂದ, ಇವೆಯೇ ಇಲ್ಲವೇ ಎಂದು ನೋಡಿದರೆ ಸಾಲದು, ಅಳತೆಯನ್ನು ನೋಡಬೇಕು.

ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಿಜವಾದ ದಾಲ್ಚಿನ್ನಿಯ ಒಳತೊಗಟೆಯ ನಾರಿನ ಅಗಲ 30 ಮೈಕ್ರಾನಿಗಿಂತ ಕಡಿಮೆ, ಎಂದರೆ ಕೂದಲಿನ ಅರ್ಧಕ್ಕೂ ಕಡಿಮೆ. ಚೀನಾದ ಕ್ಯಾಸಿಯಾದ ನಾರು 30ರಿಂದ 40 ಮೈಕ್ರಾನ್ ಅಗಲವಿರುವುದು. ದಾಲ್ಚಿನ್ನಿಯ ಪಿಷ್ಟದ ಕಣಗಳು ಸಾಮಾನ್ಯವಾಗಿ 10 ಮೈಕ್ರಾನನ್ನು ಮೀರವು. ಕ್ಯಾಸಿಯಾದಲ್ಲಿ 10ನ್ನು ಮೀರಿದ ಕಣಗಳು ಹೇರಳವಾಗಿದ್ದು, ಒಟ್ಟು ಕಣಗಳ ಸಂಖ್ಯೆಯೂ ಹೆಚ್ಚು. ಇದರೊಡನೆ ಕ್ಯಾಸಿಯಾದ ಸೀಳಿನಲ್ಲಿ ಬೆಂಡಿನ ಪದರವೂ ಅದರ ಕೆಳಗಿನ ಪದರವೂ ಬಹಳ ಸಲ ಉಳಿದುಕೊಂಡಿರುತ್ತವೆ. ಒಂದೇ ನಾರನ್ನು ಅಳೆದು ನಿರ್ಣಯಿಸಬಾರದು. ಹತ್ತಾರು ನಾರುಗಳನ್ನೂ ಕಣಗಳನ್ನೂ ಅಳೆದು, ಬಹುಸಂಖ್ಯೆಯವು ಏನು ಹೇಳುತ್ತವೆಯೆಂದು ನೋಡಬೇಕು.

6. ಪುಡಿಯ ವಿಷಯವೂ ಆರೋಗ್ಯದ ವಿಷಯವೂ

ತೊಗಟೆಯು ಪುಡಿಯಾದ ಮೇಲೆ ದಪ್ಪ, ಸುರುಳಿ, ಮೇಲ್ಮೈ, ಮುರಿತ ಎಂಬ ನಾಲ್ಕು ಗುರುತುಗಳೂ ಅಳಿಸಿಹೋಗುತ್ತವೆ. ಪುಡಿಯಲ್ಲಿ ಬೆಂಡಿನ ಚೂರುಗಳೋ ಮರದ ಕಾಂಡದ ಚೂರುಗಳೋ ಹೇರಳವಾಗಿ ಕಂಡರೆ ಬೆರಕೆಯಿದೆಯೆಂದು ಸೂಕ್ಷ್ಮದರ್ಶಕವು ತೋರಿಸಬಲ್ಲುದು. ಆದರೆ ಬೆರೆತ ಎಲ್ಲವನ್ನೂ ಅದು ತೋರಿಸಲಾರದು. 2023ರಲ್ಲಿ ಅಮೆರಿಕದಲ್ಲಿ ಮಕ್ಕಳ ಹಣ್ಣಿನ ತಿನಿಸಿಗೆ ಸೇರಿಸಿದ್ದ ದಾಲ್ಚಿನ್ನಿ ಪುಡಿಯಲ್ಲಿ ಸೀಸದ ವಿಷ ಕಂಡುಬಂದಿತು. ಆದುದರಿಂದ ಮನೆಯ ಬಳಕೆಗೆ ಇಡಿಯ ತೊಗಟೆಯನ್ನೇ ಕೊಂಡು ಬೇಕಾದಾಗ ಕುಟ್ಟಿಕೊಳ್ಳುವುದು ಕ್ಷೇಮ.

ಕ್ಯಾಸಿಯಾದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ಅದರಲ್ಲಿ ಕೂಮರಿನ್ ಎಂಬ ದ್ರವ್ಯವಿದೆ. ಅದು ಅತಿಯಾದರೆ ಕೆಲವರ ಯಕೃತ್ತಿಗೆ ಹಾನಿಯುಂಟಾಗುವುದು. ದೇಹದ ಒಂದು ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್ ಮಿತಿಯೆಂದು ಯೂರೋಪಿನ ಆಹಾರ ಸುರಕ್ಷತಾ ಮಂಡಲಿಯು 2004ರಲ್ಲಿ ಗೊತ್ತುಮಾಡಿತು. 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಇದು ದಿನಕ್ಕೆ 6 ಮಿಲಿಗ್ರಾಂ ಆಯಿತು. ಒಂದು ಗ್ರಾಮಿನಲ್ಲಿ 3 ಮಿಲಿಗ್ರಾಂ ಕೂಮರಿನ್ ಇರುವ ಕ್ಯಾಸಿಯಾವಾದರೆ, ದಿನಕ್ಕೆ 2 ಗ್ರಾಂ ಪುಡಿಯಿಂದಲೇ ಈ ಮಿತಿ ಮುಟ್ಟುವುದು. ನಿಜವಾದ ದಾಲ್ಚಿನ್ನಿಯಲ್ಲಿ ಕೂಮರಿನ್ ಲೇಶಮಾತ್ರ. ಪಲಾವಿಗೋ ಸಾರಿನ ಪುಡಿಗೋ ಹಾಕುವ ಒಂದು ತುಂಡಿನಿಂದ ಭಯವಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ ಮಾತನ್ನು ಕೇಳಿ ದಿನವೂ ಚಮಚ ತುಂಬ ಅಂಗಡಿಯ ಪುಡಿಯನ್ನು ನುಂಗುವವರು, ತಾವು ತಿನ್ನುತ್ತಿರುವುದು ಯಾವ ತೊಗಟೆಯೆಂದು ಮೊದಲು ತಿಳಿಯಬೇಕು; ವೈದ್ಯರನ್ನೂ ಕೇಳಬೇಕು.

7. ಸುಲಿಯುವ ಕೈಯೇ ಸಾಕ್ಷಿ

ಈ ಉಪನ್ಯಾಸದ ಮುಖ್ಯವಾದ ಮಾತು ಇದು. ನಿಜವಾದ ಮರದ ತೊಗಟೆಯನ್ನೇ ಹೊರಪದರ ಹೆರೆಯದೆ, ಬಲಿತ ಕಾಂಡದಿಂದ ಮಚ್ಚಿನಲ್ಲಿ ಕೆತ್ತಿ ತೆಗೆದರೆ, ಅದು ದಪ್ಪವಾಗಿ, ಬೂದು ತೇಪೆಗಳಿಂದ ಕೂಡಿ, ಸುರುಳಿಯಿಲ್ಲದೆ, ಕಾಡು ಚಕ್ಕೆಯಂತೆಯೇ ಕಾಣುವುದು. ಅಂತಹ ಸರಕಿಗೆ ಕೀಳು ದರ ಬಂದರೆ ಮಂಡಿಯವನನ್ನು ದೂರಿ ಫಲವಿಲ್ಲ. ಮರದ ಜಾತಿ ಎಷ್ಟು ಮುಖ್ಯವೋ ಸುಲಿಯುವ ಕ್ರಮವೂ ಅಷ್ಟೇ ಮುಖ್ಯ. ಬೆಳೆಗಾರನ ತೊಗಟೆಯು ದಾಲ್ಚಿನ್ನಿಯೆಂದು ಪೇಟೆಯಲ್ಲಿ ಸಾರಿ ಹೇಳತಕ್ಕದ್ದು ಅವನ ಮಾತಲ್ಲ, ಕೊಳವೆಯ ತುದಿ.

ಗಿಡವನ್ನು ಎತ್ತರಕ್ಕೆ ಬೆಳೆಯಬಿಡದೆ, ಎರಡು ಮೂರು ವರ್ಷಗಳಾದ ಮೇಲೆ ನೆಲಮಟ್ಟಕ್ಕೆ ಸಮೀಪವಾಗಿ ಕಡಿದರೆ ಬುಡದಿಂದ ಅನೇಕ ಕವಲುಗಳು ನೆಟ್ಟಗೆ ಏಳುತ್ತವೆ. ಬೆರಳು ಗಾತ್ರದ, ಎಂದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ, ತೊಗಟೆಯು ಕಂದುಬಣ್ಣಕ್ಕೆ ತಿರುಗಿದ ಕವಲುಗಳು ಸುಲಿಯಲು ತಕ್ಕವು. ಮಳೆಗಾಲದಲ್ಲಿ ಕೆಂಪು ಚಿಗುರು ಹಸಿರಾದೊಡನೆ ಕಾಂಡದಲ್ಲಿ ರಸವು ಚೆನ್ನಾಗಿ ಹರಿಯುವುದು. ಆಗ ಚಾಕುವಿನಿಂದ ಒಂದು ಕಡೆ ಕೊಯ್ದು ಎತ್ತಿ ನೋಡಿ, ತೊಗಟೆಯು ಸುಲಭವಾಗಿ ಬಿಟ್ಟರೆ ಕೊಯ್ಲಿಗೆ ಕಾಲ ಸರಿಯಾಗಿದೆಯೆಂದು ತಿಳಿಯಬೇಕು.

ಕಡಿದ ಕವಲಿನ ಹೊರಪದರವನ್ನು ಬಾಗಿದ ಚಾಕುವಿನಿಂದ ಹೆರೆದು, ಹಿತ್ತಾಳೆಯ ಸಲಾಕೆಯಿಂದ ಒತ್ತಿ ಉಜ್ಜಿದರೆ ತೊಗಟೆಯು ಸಡಿಲವಾಗುವುದು. ಅನಂತರ ಎರಡು ಕಡೆ ಸುತ್ತಲೂ ಗೀರಿ, ಉದ್ದಕ್ಕೆ ಎರಡು ಸೀಳು ಹಾಕಿ, ಮೆಲ್ಲಗೆ ಬಿಡಿಸಬೇಕು. ಕಡಿದ ದಿನವೇ ಸುಲಿಯತಕ್ಕದ್ದು. ಬಿಡಿಸಿದ ತೊಗಟೆಗಳನ್ನು ರಾತ್ರಿ ರಾಶಿಹಾಕಿ ಮುಚ್ಚಿಟ್ಟು, ಮರುದಿನ ದೊಡ್ಡ ತುಂಡುಗಳೊಳಗೆ ಸಣ್ಣ ತುಂಡುಗಳನ್ನು ಸೇರಿಸಿ ಕೊಳವೆ ಮಾಡಬೇಕು. ಕೆಲವು ದಿನ ನೆರಳಿನಲ್ಲಿ ಒಣಗಿಸುತ್ತ, ಆಗಾಗ್ಗೆ ಅಂಗೈಯಿಂದ ಉರುಳಿಸಿ ಬಿಗಿಮಾಡಿ, ಕಡೆಯಲ್ಲಿ ಸ್ವಲ್ಪ ಎಳೆಬಿಸಿಲು ತೋರಿಸಬೇಕು. ಸಿಂಹಳದಲ್ಲಿ ಆಲ್ಬಾ ಎಂಬ ಅತ್ಯುತ್ತಮ ದರ್ಜೆಯ ಕೊಳವೆಯ ಅಡ್ಡಳತೆ ಸುಮಾರು 6 ಮಿಲಿಮೀಟರು ಮಾತ್ರ. ಕೊಳವೆ ಸಪೂರವಾದಷ್ಟೂ ಬೆಲೆ ಹೆಚ್ಚು. ಮುರಿದ ಚೂರುಗಳನ್ನೂ, ಸುಲಿಯಲು ಬಾರದ ಕಡ್ಡಿಗಳ ಕೆತ್ತುಗಳನ್ನೂ ಕೊಳವೆಗಳೊಡನೆ ಬೆರೆಸದೆ ಬೇರೆಯಾಗಿ ಮಾರತಕ್ಕದ್ದು.

8. ಸಾರಾಂಶ

ಸಸಿಯನ್ನು ಕೊಳ್ಳುವ ಮೊದಲು ಎಲೆಯನ್ನು ಹೊಸಕಿ ಮೂಸಬೇಕು. ತೊಗಟೆಯನ್ನು ಕೊಳ್ಳುವಾಗಲೂ ಮಾರುವಾಗಲೂ ದಪ್ಪ, ಸುರುಳಿ, ಮೇಲ್ಮೈ, ಮುರಿತ, ರುಚಿ ಈ ಐದನ್ನೂ ನೋಡಬೇಕು. ಒಂದೇ ಗುರುತಿನ ಮೇಲೆ ನಿರ್ಣಯಿಸಬಾರದು. ಸಂಶಯವಿದ್ದರೆ ಅಯೋಡಿನ್ ಪರೀಕ್ಷೆ, ಅದರಿಂದಲೂ ತೀರದಿದ್ದರೆ ಸೂಕ್ಷ್ಮದರ್ಶಕ. ಪುಡಿಯನ್ನು ನಂಬಬಾರದು.

ಪ್ರತಿಯೊಂದು ಗ್ರಾಮದಲ್ಲಿಯೂ ಪ್ರಮುಖರಾದವರು ಖಚಿತವಾದ ದಾಲ್ಚಿನ್ನಿಯ ಒಂದು ಕೊಳವೆಯನ್ನೂ, ಕ್ಯಾಸಿಯಾದ ಒಂದು ತುಂಡನ್ನೂ, ಕಾಡು ಚಕ್ಕೆಯ ಒಂದು ತುಂಡನ್ನೂ ಗಾಜಿನ ಸೀಸೆಗಳಲ್ಲಿ ಹಾಕಿ, ಹೆಸರು ಬರೆದು ಇಟ್ಟುಕೊಂಡಿದ್ದರೆ, ಪೇಟೆಗೆ ಹೊರಡುವ ಬೆಳೆಗಾರರೆಲ್ಲರೂ ತಮ್ಮ ಸರಕನ್ನು ಅವುಗಳೊಡನೆ ಹೋಲಿಸಿ ನೋಡಬಹುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ವಾಸನೆಯು ಕುಂದುವುದರಿಂದ ವರ್ಷಕ್ಕೊಮ್ಮೆ ಈ ಮಾದರಿಗಳನ್ನು ಬದಲಾಯಿಸತಕ್ಕದ್ದು.